ಆಜ್ಞೆ ಮತ್ತು ಸಮ್ಮತಿ: ಬುರ್ಕಿನಾ ಫಾಸೊದ ಕ್ರಾಂತಿ ಸರ್ಕಾರದ ಸಮಾಜ ಸುಧಾರಣೆಗಳು (1983–1987)

ಸಮಾಜ ಸುಧಾರಣೆಯ ಚರಿತ್ರೆಯನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ಎರಡು ಮಾರ್ಗಗಳನ್ನು ಗುರುತಿಸುತ್ತಾರೆ. ಸಮಾಜದ ಒಳಗಿನಿಂದಲೇ ಹುಟ್ಟಿ, ಸಂಘಸಂಸ್ಥೆಗಳ ಮೂಲಕ ನಿಧಾನವಾಗಿ ಬೆಳೆಯುವುದು ಒಂದು. ಪ್ರಭುತ್ವವು ಕಾಯಿದೆಗಳ ಮೂಲಕ ಮೇಲಿನಿಂದ ತರುವುದು ಇನ್ನೊಂದು. ಇವೆರಡಕ್ಕೂ ಪೂರ್ತಿಯಾಗಿ ಸೇರದ ಮೂರನೆಯ ಬಗೆಯೊಂದನ್ನು ಇಪ್ಪತ್ತನೆಯ ಶತಮಾನ ಕಂಡಿತು. ಶಸ್ತ್ರಬಲದಿಂದ ಅಧಿಕಾರ ಹಿಡಿದ ಗುಂಪು ಜನತೆಯ ಹೆಸರಿನಲ್ಲಿ ಆಳುತ್ತಾ, ಜನತೆಯನ್ನೇ ಬೀದಿಗಿಳಿಸಿ, ಕೆಲವೇ ವರ್ಷಗಳಲ್ಲಿ ಸಮಾಜವನ್ನು ಬದಲಿಸಲು ಹೊರಡುವ ಬಗೆ ಇದು. ಇಲ್ಲಿ ಸುಧಾರಣೆಯ ಗುರಿ ಬಹುಮಟ್ಟಿಗೆ ನ್ಯಾಯವಾದದ್ದೇ ಆಗಿರುತ್ತದೆ. ಆದರೆ ಅದನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇರುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ಯಾವ ಸುಧಾರಣೆ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ, ಏಕೆ ಎಂಬುದನ್ನು ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದ ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಥಾಮಸ್ ಸಂಕಾರಾ ನೇತೃತ್ವದ ಈ ಸರ್ಕಾರ ನಡೆದದ್ದು ನಾಲ್ಕು ವರ್ಷ ಎರಡು ತಿಂಗಳು ಮಾತ್ರ. ಅದರ ಬಗೆಗಿನ ಬರಹಗಳು ಬಹುತೇಕ ಎರಡು ಪಂಗಡಗಳಾಗಿ ಒಡೆದಿವೆ. ಒಂದು ಪಂಗಡ ಸಂಕಾರಾನ ಪ್ರಾಮಾಣಿಕತೆಯನ್ನು ಕೊಂಡಾಡಿ ದಮನವನ್ನು ಅಡಿಟಿಪ್ಪಣಿಗೆ ಸರಿಸುತ್ತದೆ. ಇನ್ನೊಂದು ಪಂಗಡ ದಮನವನ್ನು ಮುಂದಿಟ್ಟು ಸಾಧನೆಯನ್ನು ಅಲ್ಲಗಳೆಯುತ್ತದೆ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದರ ಬದಲು, ಕೈಗೊಂಡ ಕೆಲಸಗಳ ಸ್ವರೂಪವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಸಾಧನೆಗೂ ದಮನಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ.

ಹಿನ್ನೆಲೆ

ಅಪ್ಪರ್ ವೋಲ್ಟಾ ಎಂಬ ಹೆಸರಿನ ವಸಾಹತನ್ನು ಫ್ರೆಂಚರು 1919ರಲ್ಲಿ ರಚಿಸಿದರು. 1932ರಲ್ಲಿ ಅದನ್ನು ವಿಸರ್ಜಿಸಿ ನೆರೆಯ ವಸಾಹತುಗಳಿಗೆ ಹಂಚಿದರು. 1947ರಲ್ಲಿ ಮತ್ತೆ ಸ್ಥಾಪಿಸಿದರು. ಈ ವಿಸರ್ಜನೆಯ ಹಿಂದೆ ಐವರಿ ಕೋಸ್ಟಿನ ತೋಟಗಳಿಗೆ ಕೂಲಿಯಾಳುಗಳನ್ನು ಒದಗಿಸುವ ಲೆಕ್ಕಾಚಾರವಿತ್ತು. ಸಮುದ್ರತೀರವಿಲ್ಲದ, ಮಳೆ ಕಡಿಮೆಯಾದ ಈ ನಾಡಿನ ಗಂಡಸರು ದುಡಿಮೆಗಾಗಿ ದಕ್ಷಿಣಕ್ಕೆ ಹೋಗುವುದು 1960ರ ಆಗಸ್ಟ್ 5ರಂದು ಸ್ವಾತಂತ್ರ್ಯ ಬಂದ ಮೇಲೂ ನಿಲ್ಲಲಿಲ್ಲ. ಊರಿನಲ್ಲಿ ಉಳಿದ ಹೆಂಗಸರ ಮೇಲೆ ಬೇಸಾಯ, ನೀರು, ಸೌದೆ, ಮಕ್ಕಳು ಎಲ್ಲದರ ಹೊರೆ ಬಿತ್ತು. ನಾಡಿನ ನಡುಭಾಗದ ಮೊಸ್ಸಿ ಸಮುದಾಯದಲ್ಲಿ ನಾಬಾ ಎಂದು ಕರೆಯಲಾಗುವ ಪಾರಂಪರಿಕ ಮುಖಂಡರ ಅಧಿಕಾರ ವಸಾಹತು ಆಡಳಿತದಲ್ಲಿಯೂ ಉಳಿದುಕೊಂಡಿತ್ತು. ತಲೆಗಂದಾಯದ ವಸೂಲಿ, ಬಿಟ್ಟಿ ದುಡಿಮೆಯ ಏರ್ಪಾಡು ಅವರ ಮೂಲಕವೇ ನಡೆಯುತ್ತಿತ್ತು.

ಈ ಬಡ ದೇಶದಲ್ಲಿ ಒಂದು ವಿಶೇಷವಿತ್ತು. ಕಾರ್ಮಿಕ ಸಂಘಗಳ ಸದಸ್ಯರ ಸಂಖ್ಯೆ ಚಿಕ್ಕದಾದರೂ ಅವುಗಳ ಸ್ವಾಯತ್ತತೆ ಗಟ್ಟಿಯಾಗಿತ್ತು. ಮೊದಲ ಅಧ್ಯಕ್ಷ ಮೊರೀಸ್ ಯಮಿಯೊಗೊ 1966ರ ಜನವರಿ 3ರಂದು ಅಧಿಕಾರ ಕಳೆದುಕೊಂಡದ್ದು ಈ ಸಂಘಗಳ ಚಳವಳಿಯಿಂದ. ಅನಂತರ ಬಂದ ಸಂಗೂಲೆ ಲಾಮಿಜಾನಾ ಏಕಪಕ್ಷ ಪದ್ಧತಿ ತರಲು ಯತ್ನಿಸಿದಾಗ 1975ರ ಸಾರ್ವತ್ರಿಕ ಮುಷ್ಕರ ಅದನ್ನು ತಡೆಯಿತು. ಈ ಸಂಘಗಳ ಬೆನ್ನೆಲುಬಾಗಿದ್ದವರು ಶಿಕ್ಷಕರು, ಗುಮಾಸ್ತರು, ಆರೋಗ್ಯ ಇಲಾಖೆಯ ನೌಕರರು. ಮುಂದಿನ ಘಟನೆಗಳನ್ನು ಅರಿಯಲು ಈ ಅಂಶವನ್ನು ನೆನಪಿನಲ್ಲಿಡುವುದು ಅವಶ್ಯ.

1980 ಮತ್ತು 1982ರ ನವೆಂಬರ್‌ಗಳಲ್ಲಿ ನಡೆದ ಎರಡು ಸೇನಾ ಕ್ಷಿಪ್ರಕ್ರಾಂತಿಗಳ ಬಳಿಕ ತರುಣ ಅಧಿಕಾರಿಗಳ ಗುಂಪು ಮುನ್ನೆಲೆಗೆ ಬಂದಿತು. 1949ರಲ್ಲಿ ಜನಿಸಿದ ಕ್ಯಾಪ್ಟನ್ ಸಂಕಾರಾ 1983ರ ಜನವರಿಯಲ್ಲಿ ಪ್ರಧಾನಮಂತ್ರಿಯಾದ. ಅದೇ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ನಡೆದ ಅಲಿಪ್ತ ರಾಷ್ಟ್ರಗಳ ಶೃಂಗಸಭೆಗೆ ಆತ ಬಂದದ್ದು ಈ ಹುದ್ದೆಯಲ್ಲಿ. ಮೇ 17ರಂದು ಅವನನ್ನು ಬಂಧಿಸಲಾಯಿತು. ಆಗಸ್ಟ್ 4ರಂದು ಬ್ಲೇಜ್ ಕೊಂಪಾವೊರೆ ನೇತೃತ್ವದಲ್ಲಿ ಪೊ ಪಟ್ಟಣದಿಂದ ಬಂದ ಕಮಾಂಡೊ ಪಡೆ ರಾಜಧಾನಿ ವಗಡುಗುವನ್ನು ವಶಪಡಿಸಿಕೊಂಡಿತು. 33 ವರ್ಷದ ಸಂಕಾರಾ ರಾಷ್ಟ್ರೀಯ ಕ್ರಾಂತಿ ಮಂಡಳಿಯ ಅಧ್ಯಕ್ಷನಾದ. ಸರಿಯಾಗಿ ಒಂದು ವರ್ಷದ ಬಳಿಕ ದೇಶದ ಹೆಸರನ್ನು ಬದಲಿಸಲಾಯಿತು. ಮೋರೆ ಭಾಷೆಯ ಒಂದು ಪದ, ಜುಲಾ ಭಾಷೆಯ ಒಂದು ಪದ ಸೇರಿ ಪ್ರಾಮಾಣಿಕರ ನಾಡು ಎಂಬ ಅರ್ಥದ ಬುರ್ಕಿನಾ ಫಾಸೊ ಎಂಬ ಹೆಸರು ರೂಪುಗೊಂಡಿತು.

ಕ್ರಾಂತಿಯ ಆಡಳಿತ ಯಂತ್ರ

ಹೊಸ ಸರ್ಕಾರ ಮೂರು ಸಂಸ್ಥೆಗಳನ್ನು ಅವಲಂಬಿಸಿತ್ತು. ಮೇಲ್ತುದಿಯಲ್ಲಿ ರಾಷ್ಟ್ರೀಯ ಕ್ರಾಂತಿ ಮಂಡಳಿ ಇತ್ತು. ಅದಕ್ಕೆ ಚುನಾವಣೆಯಾಗಲಿ ಸಂವಿಧಾನದ ಕಟ್ಟಳೆಯಾಗಲಿ ಇರಲಿಲ್ಲ. ಹಳ್ಳಿ, ಬಡಾವಣೆ, ಕಚೇರಿ, ಸೇನಾ ಶಿಬಿರಗಳಲ್ಲಿ ಕ್ರಾಂತಿ ರಕ್ಷಣಾ ಸಮಿತಿಗಳು ಹುಟ್ಟಿದವು. ಶಾಲೆ ಕಟ್ಟುವುದು, ಬಾವಿ ತೋಡುವುದು, ಬೀದಿ ಗುಡಿಸುವುದು ಈ ಸಮಿತಿಗಳ ಕೆಲಸವಾಗಿತ್ತು. ರಾತ್ರಿ ಕಾವಲು, ತಪಾಸಣೆ, ಬಂಧನಗಳನ್ನೂ ಅವೇ ನಡೆಸುತ್ತಿದ್ದವು. ಆಯುಧ ಹಿಡಿದ ಯುವಕರ ಅತಿರೇಕಗಳು ಎಷ್ಟು ಬೆಳೆದವೆಂದರೆ, 1986ರಲ್ಲಿ ಸೇರಿದ ಸಮಿತಿಗಳ ಮೊದಲ ರಾಷ್ಟ್ರೀಯ ಸಮ್ಮೇಳನದಲ್ಲಿ ಸ್ವತಃ ಸಂಕಾರಾ ಅವುಗಳನ್ನು ಕಟುವಾಗಿ ಟೀಕಿಸಬೇಕಾಯಿತು.

ಮೂರನೆಯದು ಜನತಾ ಕ್ರಾಂತಿ ನ್ಯಾಯಮಂಡಳಿ. ಹಿಂದಿನ ಸರ್ಕಾರಗಳ ಭ್ರಷ್ಟಾಚಾರದ ವಿಚಾರಣೆ ಅಲ್ಲಿ ನಡೆಯಿತು. ಪೀಠದಲ್ಲಿ ವೃತ್ತಿಪರ ನ್ಯಾಯಾಧೀಶರೊಡನೆ ಸೈನಿಕರೂ ಸಾಮಾನ್ಯ ನಾಗರಿಕರೂ ಕುಳಿತರು. ವಿಚಾರಣೆ ಆಕಾಶವಾಣಿಯಲ್ಲಿ ಬಿತ್ತರವಾಯಿತು. ಸಚಿವರಾಗಿದ್ದವರು ಸಾರ್ವಜನಿಕ ಹಣಕ್ಕೆ ಲೆಕ್ಕ ಕೊಡುವುದನ್ನು ಜನ ಮೊದಲ ಬಾರಿಗೆ ಕೇಳಿದರು. ಮಾಜಿ ಅಧ್ಯಕ್ಷ ಲಾಮಿಜಾನಾ 1984ರ ಜನವರಿಯಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದುದನ್ನು ನೋಡಿದರೆ ಇದು ಕೇವಲ ನಾಟಕವಾಗಿರಲಿಲ್ಲವೆಂದು ಹೇಳಬಹುದು. ಆದರೆ ಆರೋಪಿಯ ಪರ ವಾದಿಸಲು ವಕೀಲರಿಗೆ ಅವಕಾಶವಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಒಳಸಂಚಿನ ಆರೋಪದ ಮೇಲೆ ಏಳು ಮಂದಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಲೆಕ್ಕ ಕೇಳುವ ಹಕ್ಕನ್ನು ಜನರಿಗೆ ಕೊಟ್ಟ ಸರ್ಕಾರ ತನ್ನ ಲೆಕ್ಕವನ್ನು ಒಪ್ಪಿಸಬೇಕಾದ ವೇದಿಕೆಯನ್ನು ಮಾತ್ರ ಉಳಿಸಲಿಲ್ಲ.

ಲಸಿಕೆ: ಹದಿನೈದು ದಿನಗಳ ಸಾಧನೆ

ಈ ಸರ್ಕಾರದ ಅತ್ಯಂತ ಯಶಸ್ವಿ ಕಾರ್ಯಕ್ರಮ 1984ರ ನವೆಂಬರ್ ಕೊನೆಯಲ್ಲಿ ಆರಂಭವಾದ ಲಸಿಕಾ ಅಭಿಯಾನ. ದಡಾರ, ಮೆದುಳುಪೊರೆಯ ಉರಿಯೂತ, ಹಳದಿಜ್ವರಗಳ ವಿರುದ್ಧ ಸುಮಾರು 25 ಲಕ್ಷ ಮಕ್ಕಳಿಗೆ ಎರಡು ವಾರಗಳಲ್ಲಿ ಲಸಿಕೆ ಹಾಕಲಾಯಿತು. 1985ರ ಜನಗಣತಿಯಂತೆ ದೇಶದ ಒಟ್ಟು ಜನಸಂಖ್ಯೆ 80 ಲಕ್ಷದಷ್ಟಿತ್ತು ಎಂಬುದನ್ನು ಗಮನಿಸಿದರೆ ಈ ಕಾರ್ಯದ ಗಾತ್ರ ತಿಳಿಯುತ್ತದೆ. ಯುನಿಸೆಫ್‌ನಂಥ ಸಂಸ್ಥೆಗಳು ನೆರವಾದವು. ಆದರೆ ತಾಯಂದಿರನ್ನು ಹಳ್ಳಿಹಳ್ಳಿಯಿಂದ ಕರೆತಂದು ಸಾಲಿನಲ್ಲಿ ನಿಲ್ಲಿಸಿದ್ದು, ರಸ್ತೆಯಿಲ್ಲದ ಊರುಗಳಿಗೆ ಸುದ್ದಿ ಮುಟ್ಟಿಸಿದ್ದು ಮೇಲೆ ಹೇಳಿದ ರಕ್ಷಣಾ ಸಮಿತಿಗಳೇ.

ಇದು ಏಕೆ ಸಾಧ್ಯವಾಯಿತು? ಲಸಿಕೆ ಹಾಕುವುದು ಆಜ್ಞೆ ಮತ್ತು ಸಂಘಟನೆಯಿಂದ ಕಡಿಮೆ ಅವಧಿಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಅದರಿಂದ ಯಾರ ಆಸ್ತಿಗೂ, ಯಾರ ಮನೆಯ ಯಜಮಾನಿಕೆಗೂ ಧಕ್ಕೆಯಿಲ್ಲ. ಮಗು ಸಾಯಬಾರದೆಂಬ ಬಯಕೆ ತಾಯಿಗೂ ಸರ್ಕಾರಕ್ಕೂ ಸಮಾನವಾದುದು. ಆದ್ದರಿಂದ ಇಲ್ಲಿ ಆಜ್ಞೆಯ ಹಿಂದೆ ಸಮ್ಮತಿ ಆಗಲೇ ಇತ್ತು. ಆದರೂ ಈ ಯಶಸ್ಸಿಗೆ ಮಿತಿಯೊಂದಿದೆ. ಅಭಿಯಾನ ಮುಗಿದ ಮರುದಿನ ಹುಟ್ಟಿದ ಮಗುವಿಗೆ ಬೇಕಾದದ್ದು ಅಭಿಯಾನವಲ್ಲ, ವರ್ಷವಿಡೀ ತೆರೆದಿರುವ ಆರೋಗ್ಯ ಕೇಂದ್ರ ಮತ್ತು ಅಲ್ಲಿ ನಿಷ್ಠೆಯಿಂದ ದುಡಿಯುವ ನೌಕರ. ಒಮ್ಮೆ ಮುಗಿಯುವ ಕೆಲಸಕ್ಕೂ ನಿತ್ಯ ನಡೆಯಬೇಕಾದ ಕೆಲಸಕ್ಕೂ ಇರುವ ಈ ಅಂತರ ಶಿಕ್ಷಣ ಕ್ಷೇತ್ರದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಅಕ್ಷರ ಮತ್ತು ಶಿಕ್ಷಕ

1984ರ ಮಾರ್ಚ್‌ನಲ್ಲಿ, ತಮ್ಮ ಸಂಘದ ಮುಖಂಡರ ಬಂಧನವನ್ನು ಪ್ರತಿಭಟಿಸಿ ಪ್ರಾಥಮಿಕ ಶಾಲಾ ಶಿಕ್ಷಕರು ಮುಷ್ಕರ ಹೂಡಿದರು. ಸರ್ಕಾರ ಇದನ್ನು ರಾಜಕೀಯ ವಿಧ್ವಂಸಕ ಕೃತ್ಯವೆಂದು ಘೋಷಿಸಿ 1,300ಕ್ಕೂ ಹೆಚ್ಚು ಶಿಕ್ಷಕರನ್ನು ಕೆಲಸದಿಂದ ವಜಾ ಮಾಡಿತು. ಅವರ ಸ್ಥಾನಕ್ಕೆ ಅಲ್ಪಾವಧಿಯ ತರಬೇತಿ ಪಡೆದ ಯುವಕರನ್ನು ನೇಮಿಸಲಾಯಿತು. ಅವರಲ್ಲಿ ಅನೇಕರಿಗೆ ಕ್ರಾಂತಿನಿಷ್ಠೆಯೇ ಮುಖ್ಯ ಅರ್ಹತೆಯಾಗಿತ್ತು. ಶಾಲಾ ವಯಸ್ಸಿನ ಐವರು ಮಕ್ಕಳಲ್ಲಿ ಒಬ್ಬರೂ ಶಾಲೆಗೆ ಹೋಗದಿದ್ದ ನಾಡಿನಲ್ಲಿ, ಶಿಕ್ಷಣ ವಿಸ್ತರಣೆಯನ್ನೇ ಗುರಿಯೆಂದು ಸಾರಿದ ಸರ್ಕಾರ ಅನುಭವಿ ಶಿಕ್ಷಕರನ್ನು ಹೊರಹಾಕಿತು ಎಂಬ ವೈರುಧ್ಯ ಇಲ್ಲಿದೆ.

ವೈರುಧ್ಯ ಎಂದಷ್ಟೇ ಹೇಳಿ ಮುಂದೆ ಹೋಗುವಂತಿಲ್ಲ. ಶಿಕ್ಷಕರ ಸಂಘವು ಇತಿಹಾಸಕಾರ ಜೋಸೆಫ್ ಕಿ-ಜೆರ್ಬೊ ನೇತೃತ್ವದ ಪಕ್ಷಕ್ಕೆ ಹತ್ತಿರದ್ದೆಂಬುದು ಸರ್ಕಾರದ ಆಪಾದನೆಯಾಗಿತ್ತು. ಯುನೆಸ್ಕೊ ಪ್ರಕಟಿಸಿದ ಆಫ್ರಿಕದ ಸಾಮಾನ್ಯ ಇತಿಹಾಸದ ಮೊದಲ ಸಂಪುಟದ ಸಂಪಾದಕರಾದ ಕಿ-ಜೆರ್ಬೊ ಈ ಅವಧಿಯಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ದೇಶಭ್ರಷ್ಟರಾಗಿದ್ದರು. ಅವರ ಅನುಪಸ್ಥಿತಿಯಲ್ಲಿ ಸಾವಿರಾರು ಗ್ರಂಥಗಳ ಅವರ ಸ್ವಂತ ಗ್ರಂಥಾಲಯ ನಾಶವಾಯಿತು. ಆಫ್ರಿಕದ ಚರಿತ್ರೆಯನ್ನು ಆಫ್ರಿಕದ ಕಣ್ಣಿನಿಂದ ಬರೆಯಬೇಕೆಂದು ಜೀವನವಿಡೀ ದುಡಿದ ವಿದ್ವಾಂಸರೊಬ್ಬರು, ಆಫ್ರಿಕದ ಆತ್ಮಗೌರವವನ್ನೇ ಘೋಷಿಸಿದ ಸರ್ಕಾರದ ಕಾಲದಲ್ಲಿ ಹೊರಗಿರಬೇಕಾಯಿತು. ಅವರು ಸ್ವದೇಶಕ್ಕೆ ಮರಳಿದ್ದು 1992ರಲ್ಲಿ.

1986ರಲ್ಲಿ ವಯಸ್ಕರ ಸಾಕ್ಷರತೆಗಾಗಿ ಲಸಿಕೆಯ ಮಾದರಿಯಲ್ಲೇ ಅಭಿಯಾನವೊಂದನ್ನು ನಡೆಸಲಾಯಿತು. ಮೋರೆ, ಜುಲಾ, ಫುಲ್ಫುಲ್ದೆ ಮೊದಲಾದ ದೇಶಭಾಷೆಗಳಲ್ಲಿ 30 ಸಾವಿರಕ್ಕೂ ಹೆಚ್ಚು ರೈತರಿಗೆ ಕೆಲವು ವಾರಗಳ ತರಗತಿ ನಡೆದವು. ಫ್ರೆಂಚ್ ಮಾತ್ರ ಅಕ್ಷರವೆಂಬ ಭಾವನೆಯನ್ನು ಅಲುಗಿಸಿದ್ದು ಈ ಕಾರ್ಯಕ್ರಮದ ಹೆಗ್ಗಳಿಕೆ. ಆದರೆ ಜನಪ್ರಿಯ ಬರಹಗಳಲ್ಲಿ ನಾಲ್ಕು ವರ್ಷಗಳಲ್ಲಿ ಸಾಕ್ಷರತೆ ಶೇಕಡ 13ರಿಂದ 73ಕ್ಕೆ ಏರಿತೆಂಬ ಹೇಳಿಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ಒಪ್ಪುವುದು ಸಾಧ್ಯವಿಲ್ಲ. ಎರಡು ದಶಕಗಳ ಬಳಿಕವೂ ಬುರ್ಕಿನಾದ ವಯಸ್ಕರಲ್ಲಿ ಓದುಬರಹ ಬಲ್ಲವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆಯಿದ್ದರು. ಕಲಿತ ತಲೆಮಾರೊಂದು ಇಪ್ಪತ್ತು ವರ್ಷಗಳಲ್ಲಿ ಅಕ್ಷರ ಮರೆತು ಹೋಗಲಾರದು. ಆದ್ದರಿಂದ ಮೂಲ ಅಂಕಿಯೇ ಸಂದೇಹಾಸ್ಪದ. ಅಭಿಮಾನದಿಂದ ಹುಟ್ಟಿದ ಇಂಥ ಅಂಕಿಗಳು ಸಂಕಾರಾನಿಗೆ ಗೌರವ ತರುವ ಬದಲು, ಅವನ ಕಾಲ ಎದುರಿಸಿದ ನಿಜವಾದ ಸಮಸ್ಯೆಯನ್ನು ಮರೆಮಾಡುತ್ತವೆ. ಸಾಕ್ಷರತೆಗೆ ದಾಳಿಯಂಥ ಅಭಿಯಾನ ಸಾಲದು. ದಿನವೂ ತರಗತಿಗೆ ಬರುವ ಶಿಕ್ಷಕ ಬೇಕು. ಆ ಶಿಕ್ಷಕನನ್ನು ವಜಾ ಮಾಡಲಾಗಿತ್ತು.

ಭೂಮಿ ಮತ್ತು ಊರ ಮುಖಂಡರು

ಗ್ರಾಮಾಂತರ ಪ್ರದೇಶದಲ್ಲಿ ಕ್ರಾಂತಿ ಕೈಹಾಕಿದ್ದು ನಾಬಾಗಳ ಅಧಿಕಾರಕ್ಕೆ. ಆಡಳಿತದಲ್ಲಿ ಅವರಿಗಿದ್ದ ಸ್ಥಾನಮಾನವನ್ನು ರದ್ದುಪಡಿಸಲಾಯಿತು. ತಲೆಗಂದಾಯ ಹೋಯಿತು, ಬಿಟ್ಟಿ ದುಡಿಮೆ ನಿಷಿದ್ಧವಾಯಿತು. ರೈತನಿಗೆ ಇದರಿಂದ ನೇರ ಲಾಭವಾಯಿತು. 1984ರ ಆಗಸ್ಟ್ 4ರ ಭೂಸುಧಾರಣಾ ಶಾಸನ ದೇಶದ ಎಲ್ಲ ಭೂಮಿಯನ್ನೂ ರಾಜ್ಯದ ಸ್ವತ್ತೆಂದು ಘೋಷಿಸಿತು. ಆದರೆ ಯಾವ ಹೊಲವನ್ನು ಯಾರು ಉಳಬೇಕೆಂಬುದನ್ನು ತೀರ್ಮಾನಿಸಲು ಹಳ್ಳಿಯಲ್ಲಿ ರಾಜ್ಯದ ಯಾವ ಸಮರ್ಥ ಕಚೇರಿಯೂ ಇರಲಿಲ್ಲ. ಕಾಗದದಲ್ಲಿ ಭೂಮಿ ರಾಜ್ಯದ್ದಾಯಿತು. ಊರಿನಲ್ಲಿ ಅದು ಹಿಂದಿನಂತೆ ಹಿರಿಯರ ಮಾತಿನಂತೆಯೇ ಹಂಚಿಕೆಯಾಗುತ್ತಿತ್ತು. ಕೊನೆಗೆ 2009ರ ಗ್ರಾಮೀಣ ಭೂ ಕಾಯಿದೆ ಈ ರೂಢಿಗತ ಹಕ್ಕುಗಳನ್ನು ಗುರುತಿಸಬೇಕಾಯಿತು.

ನಗರಗಳಲ್ಲಿಯೂ ಇದೇ ಬಗೆಯ ಅನುಭವವಾಯಿತು. 1985ರ ಇಡೀ ವರ್ಷ ವಾಸದ ಮನೆಗಳ ಬಾಡಿಗೆಯನ್ನು ರದ್ದುಪಡಿಸಿದ್ದು ಬಾಡಿಗೆದಾರರಿಗೆ ಹರ್ಷ ತಂದಿತು. ಆದರೆ ಅದು ಒಂದು ವರ್ಷದ ಆಜ್ಞೆ. ಸಚಿವರ ಬೆಲೆಬಾಳುವ ಕಾರುಗಳನ್ನು ಮಾರಿ ಚಿಕ್ಕ ಕಾರುಗಳನ್ನು ಕೊಟ್ಟದ್ದು, ಅಧಿಕಾರಿಗಳ ಸವಲತ್ತು ಕತ್ತರಿಸಿದ್ದು, ದೇಶೀಯ ಕೈಮಗ್ಗದ ಹತ್ತಿಬಟ್ಟೆ ತೊಡಬೇಕೆಂದು ನೌಕರರಿಗೆ ವಿಧಿಸಿದ್ದು ನೈತಿಕ ಮಾದರಿಯಾಗಿ ಮೆಚ್ಚುವಂಥದ್ದು. ನಾಯಕನೇ ಸರಳವಾಗಿ ಬದುಕುತ್ತಿದ್ದುದರಿಂದ ಅದಕ್ಕೆ ತೂಕವೂ ಇತ್ತು. ಆದರೆ ಸ್ವಇಚ್ಛೆಯಿಂದ ತೊಟ್ಟ ಬಟ್ಟೆಗೂ ಸುತ್ತೋಲೆಗೆ ಹೆದರಿ ತೊಟ್ಟ ಬಟ್ಟೆಗೂ ಇರುವ ವ್ಯತ್ಯಾಸವನ್ನು ನೌಕರ ವರ್ಗ ಬಹುಬೇಗ ಕಂಡುಕೊಂಡಿತು.

ಮಹಿಳಾ ವಿಮೋಚನೆ

ಸಂಕಾರಾ ಸರ್ಕಾರ ಮಹಿಳೆಯ ಪ್ರಶ್ನೆಗೆ ಕೊಟ್ಟ ಪ್ರಾಶಸ್ತ್ಯ ಆ ಕಾಲದ ಆಫ್ರಿಕದಲ್ಲಿ ಅಪರೂಪದ್ದು. ಮಹಿಳೆಯರು ಸಚಿವರಾದರು, ಪ್ರಾಂತಾಧಿಕಾರಿಗಳಾದರು, ಸೇನೆಗೆ ಸೇರಿದರು. 1984ರ ಸೆಪ್ಟೆಂಬರ್ 22ರಂದು ಗಂಡಸರು ಸಂತೆಗೆ ಹೋಗಿ ಮನೆಯ ಸಾಮಾನು ತರಬೇಕೆಂದು ಗೊತ್ತುಪಡಿಸಲಾಯಿತು. ಬೆಲೆಯೇರಿಕೆಯ ಬಿಸಿ ಗಂಡಸರಿಗೂ ತಟ್ಟಲಿ ಎಂಬುದು ಇದರ ಆಶಯ. ಗಂಡನ ಸಂಬಳದ ಒಂದು ಭಾಗ ನೇರವಾಗಿ ಹೆಂಡತಿಗೆ ಸಲ್ಲಬೇಕೆಂಬ ಆಲೋಚನೆಯೂ ನಡೆಯಿತು. ಅದು ಜಾರಿಗೆ ಬರಲಿಲ್ಲ. 1985ರಲ್ಲಿ ಸ್ಥಾಪನೆಯಾದ ಬುರ್ಕಿನಾ ಮಹಿಳಾ ಒಕ್ಕೂಟ ಸರ್ಕಾರದ್ದೇ ಸೃಷ್ಟಿ. ಸರ್ಕಾರದ ಮಾತನ್ನು ಹೆಂಗಸರಿಗೆ ತಲುಪಿಸುವುದರಲ್ಲಿ ಅದು ಸಮರ್ಥವಾಗಿತ್ತು, ಹೆಂಗಸರ ಮಾತನ್ನು ಸರ್ಕಾರದ ಎದುರು ನಿಷ್ಠುರವಾಗಿ ಇಡುವ ಸ್ವಾತಂತ್ರ್ಯ ಅದಕ್ಕಿರಲಿಲ್ಲ.

ಬಲವಂತದ ಮದುವೆ, ಬಹುಪತ್ನಿತ್ವ, ಹೆಣ್ಣುಮಕ್ಕಳ ಜನನಾಂಗ ಛೇದನ ಇವುಗಳನ್ನು ಸಂಕಾರಾ ಬಹಿರಂಗವಾಗಿ ಖಂಡಿಸಿದ. ಮನೆಯೊಳಗೆ ಮುಚ್ಚಿಟ್ಟ ಮಾತು ಇದರಿಂದ ಸಾರ್ವಜನಿಕ ಚರ್ಚೆಯಾಯಿತು. ಆದರೆ ಅವನ ಸರ್ಕಾರ ಇವೆಲ್ಲವನ್ನೂ ಕಾಯಿದೆಯಿಂದ ನಿಷೇಧಿಸಿತೆಂಬ ರೂಢಿಯ ನಂಬಿಕೆ ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಕುಟುಂಬ ಸಂಹಿತೆಯ ಸಿದ್ಧತೆ ಕ್ರಾಂತಿಯ ಕಾಲದಲ್ಲಿ ನಡೆದರೂ ಅದು ಅಂಗೀಕಾರವಾದದ್ದು 1989ರ ನವೆಂಬರ್‌ನಲ್ಲಿ, ಜಾರಿಗೆ ಬಂದದ್ದು 1990ರ ಆಗಸ್ಟ್ 4ರಂದು. ಅದು ಮದುವೆಯ ಕನಿಷ್ಠ ವಯಸ್ಸನ್ನು ಹೆಣ್ಣಿಗೆ 17, ಗಂಡಿಗೆ 20 ಎಂದು ನಿಗದಿಪಡಿಸಿತು; ಕನ್ಯಾಶುಲ್ಕವನ್ನೂ, ವಿಧವೆಯನ್ನು ಗಂಡನ ಮನೆಯ ಇನ್ನೊಬ್ಬನಿಗೆ ಒಪ್ಪಿಸುವ ಪದ್ಧತಿಯನ್ನೂ ಅಮಾನ್ಯಗೊಳಿಸಿತು; ಬಹುಪತ್ನಿತ್ವವನ್ನು ಮಾತ್ರ ದಂಪತಿಗಳ ಆಯ್ಕೆಗೆ ಬಿಟ್ಟಿತು. ಜನನಾಂಗ ಛೇದನದ ವಿರುದ್ಧ ರಾಷ್ಟ್ರೀಯ ಸಮಿತಿ ರಚನೆಯಾದದ್ದು 1990ರಲ್ಲಿ. ಅದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದ ದಂಡಸಂಹಿತೆ 1996ರದು. ಆ ಬಳಿಕ ಆರೋಗ್ಯ ಕಾರ್ಯಕರ್ತರು, ಮಹಿಳಾ ಸಂಘಗಳು, ಧರ್ಮಗುರುಗಳು, ಊರಿನ ನಾಬಾಗಳು ಸೇರಿ ಹಲವು ವರ್ಷ ದುಡಿದರು. 15ರಿಂದ 49 ವರ್ಷದ ಮಹಿಳೆಯರಲ್ಲಿ ಈ ಪದ್ಧತಿಗೆ ಒಳಗಾದವರ ಪ್ರಮಾಣ 2010ರ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡ 76 ಇದ್ದುದು 2021ರ ಸಮೀಕ್ಷೆಯಲ್ಲಿ ಶೇಕಡ 56ಕ್ಕೆ ಇಳಿದಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಬೇಕು. ಕ್ರಾಂತಿಯ ದಿಟ್ಟ ಮಾತಿಲ್ಲದೆ ಈ ಕಾಯಿದೆಗಳಿಗೆ ನೆಲೆ ಸಿದ್ಧವಾಗುತ್ತಿರಲಿಲ್ಲ. ಅಷ್ಟೇ ಸತ್ಯವಾದುದು, ಆ ಮಾತು ಹೆಣ್ಣುಮಗುವಿನ ದೇಹವನ್ನು ರಕ್ಷಿಸುವ ಮಟ್ಟಕ್ಕೆ ಇಳಿದದ್ದು ಕ್ರಾಂತಿ ದೂರವಿಟ್ಟಿದ್ದ ಹಿರಿಯರನ್ನೂ, ಅದು ನಂಬದಿದ್ದ ಸ್ವತಂತ್ರ ಸಂಘಗಳನ್ನೂ ಜೊತೆಗೆ ಸೇರಿಸಿಕೊಂಡ ಮೇಲೆ.

1987: ವಿರಾಮದ ಮಾತು

ಸಂಕಾರಾ ಈ ತೊಡಕನ್ನು ಅರಿಯದವನಾಗಿರಲಿಲ್ಲ ಎಂಬುದಕ್ಕೆ ಆಧಾರಗಳಿವೆ. ವಜಾಗೊಂಡ ಶಿಕ್ಷಕರಲ್ಲಿ ಕೆಲವರನ್ನು ಹಂತಹಂತವಾಗಿ ಮರಳಿ ತೆಗೆದುಕೊಳ್ಳಲಾಯಿತು. 1987ರ ಆಗಸ್ಟ್ 4ರಂದು ಬೊಬೊ-ಜುಲಾಸ್ಸೊ ನಗರದಲ್ಲಿ ಕ್ರಾಂತಿಯ ನಾಲ್ಕನೆಯ ವಾರ್ಷಿಕೋತ್ಸವದ ಭಾಷಣದಲ್ಲಿ ಆತ ವೇಗವನ್ನು ತಗ್ಗಿಸುವ, ಸಾಧಿಸಿದ್ದನ್ನು ಗಟ್ಟಿಗೊಳಿಸುವ, ಜನರನ್ನು ಬಿಟ್ಟು ಮುಂದೆ ಓಡದಿರುವ ಮಾತನ್ನಾಡಿದ. ಆದರೆ ಅದೇ ವರ್ಷದ ನಡುವಿನಲ್ಲಿ ಕಾರ್ಮಿಕ ಮುಖಂಡರ ಬಂಧನಗಳೂ ನಡೆದಿದ್ದವು. ಭಿನ್ನಮತ ವ್ಯಕ್ತಪಡಿಸಲು ಪಕ್ಷ, ಪತ್ರಿಕೆ, ಸಂಘ, ಶಾಸನಸಭೆ ಯಾವುದೂ ಮುಕ್ತವಾಗಿಲ್ಲದಿದ್ದಾಗ ಅದು ಮಂಡಳಿಯ ಒಳಕೋಣೆಯಲ್ಲಿ ಸೇರಿಕೊಂಡಿತು. ಅಲ್ಲಿ ತೀರ್ಮಾನ ಬಂದೂಕಿನದಾಯಿತು. 1987ರ ಅಕ್ಟೋಬರ್ 15ರಂದು ಸಂಕಾರಾ ಮತ್ತು ಅವನ 12 ಸಂಗಡಿಗರನ್ನು ವಗಡುಗುವಿನಲ್ಲಿ ಸೈನಿಕರು ಕೊಂದರು. ಅಧಿಕಾರಕ್ಕೆ ಬಂದ ಕೊಂಪಾವೊರೆ 27 ವರ್ಷ ಆಳಿದ.

ಆ ದಿನ ಸಂಕಾರಾನನ್ನು ರಕ್ಷಿಸಲು ಯಾವ ಸಂಸ್ಥೆಯೂ ಮುಂದೆ ಬರಲಿಲ್ಲ. 1966ರಲ್ಲಿ, 1975ರಲ್ಲಿ ಸರ್ವಾಧಿಕಾರಕ್ಕೆ ತಡೆಯೊಡ್ಡಿದ್ದ ಸಂಘಗಳ ಬೆನ್ನನ್ನು ಆತನ ಸರ್ಕಾರವೇ ಮುರಿದಿತ್ತು. ಹೀಗೆ ನೋಡಿದಾಗ ಶಿಕ್ಷಕರ ವಜಾ ಶಿಕ್ಷಣ ಇಲಾಖೆಗೆ ಸೀಮಿತವಾದ ತಪ್ಪಲ್ಲ; ಅದು ಕ್ರಾಂತಿ ತನ್ನ ಆಯುಷ್ಯವನ್ನು ತಾನೇ ಕಡಿಮೆ ಮಾಡಿಕೊಂಡ ಕ್ರಮ.

ಉಪಸಂಹಾರ

2014ರ ಅಕ್ಟೋಬರ್ ಕೊನೆಯಲ್ಲಿ ಲಕ್ಷಾಂತರ ಜನ ಬೀದಿಗಿಳಿದು ಕೊಂಪಾವೊರೆಯನ್ನು ಓಡಿಸಿದಾಗ ಯುವಕರ ಕೈಯಲ್ಲಿ ಸಂಕಾರಾನ ಚಿತ್ರವಿತ್ತು. 2022ರ ಏಪ್ರಿಲ್ 6ರಂದು ವಗಡುಗುವಿನ ಸೇನಾ ನ್ಯಾಯಾಲಯ, ದೇಶದ ಹೊರಗಿದ್ದ ಕೊಂಪಾವೊರೆಗೆ ಸಂಕಾರಾನ ಹತ್ಯೆಗಾಗಿ ಜೀವಾವಧಿ ಶಿಕ್ಷೆ ವಿಧಿಸಿತು. ಈ ವಿಚಾರಣೆಯಲ್ಲಿ ಆರೋಪಿಗಳ ಪರ ವಕೀಲರು ವಾದಿಸಿದರು; 1984ರ ಜನತಾ ನ್ಯಾಯಮಂಡಳಿ ಕೊಡದಿದ್ದ ಹಕ್ಕನ್ನು ಸಂಕಾರಾನನ್ನು ಕೊಂದವರು ಪಡೆದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬ ತರುಣ ಕ್ಯಾಪ್ಟನ್ ಸಂಕಾರಾನ ಹೆಸರನ್ನು ಮುಂದಿಟ್ಟು ಅಧಿಕಾರ ಹಿಡಿದ. 2023ರಲ್ಲಿ ರಾಜಧಾನಿಯ ಮುಖ್ಯ ರಸ್ತೆಯೊಂದಕ್ಕೆ ಸಂಕಾರಾನ ಹೆಸರನ್ನಿಡಲಾಯಿತು. ಅದೇ ವರ್ಷ ಸರ್ಕಾರದ ಟೀಕಾಕಾರರಿಗೆ ಕಡ್ಡಾಯ ಸೇನಾಸೇವೆಯ ಆದೇಶಗಳೂ ಹೋದವು. ಒಂದು ಚರಿತ್ರೆಯಿಂದ ಯಾವ ಭಾಗವನ್ನು ಆರಿಸಿಕೊಳ್ಳಲಾಗುತ್ತದೆ ಎಂಬ ಪ್ರಶ್ನೆ ಹೀಗೆ ಬರಿಯ ವಿದ್ವತ್ತಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು: ಒಮ್ಮೆ ಮಾಡಿ ಮುಗಿಸಬಹುದಾದ, ಎಲ್ಲರ ಹಿತಕ್ಕೂ ಒಪ್ಪುವ ಕೆಲಸವನ್ನು ಆಜ್ಞೆ ಬೇಗ ಸಾಧಿಸಬಲ್ಲದು, ಬುರ್ಕಿನಾದ ಮಕ್ಕಳಿಗೆ ದೊರೆತ ಲಸಿಕೆ ಅದಕ್ಕೆ ನಿದರ್ಶನ, ಅದನ್ನು ಕಿರಿದುಗೊಳಿಸುವ ಅಗತ್ಯವಿಲ್ಲ. ಅಕ್ಷರ, ಭೂಮಿ, ಕುಟುಂಬ ಇವು ಅಂಥ ಕ್ಷೇತ್ರಗಳಲ್ಲ. ಅಲ್ಲಿ ಸುಧಾರಣೆ ದಿನದಿನವೂ ಜನರ ಕೈಯಿಂದಲೇ ನಡೆಯಬೇಕು. ಆ ಜನರಿಗೆ ಇಲ್ಲವೆನ್ನುವ ಹಕ್ಕು ಇದ್ದಾಗ ಮಾತ್ರ ಅವರ ಹೌದೆಂಬ ಮಾತಿಗೆ ಬೆಲೆ. ಸಂಕಾರಾ ತನ್ನ ಕೊನೆಯ ಬೇಸಿಗೆಯಲ್ಲಿ ಈ ಸತ್ಯದ ಸಮೀಪಕ್ಕೆ ಬಂದಿದ್ದ. ಅದನ್ನು ಆಚರಣೆಗೆ ತರಲು ಬೇಕಾದ ಸಂಸ್ಥೆಗಳು ಮಾತ್ರ ಆ ಹೊತ್ತಿಗೆ ಉಳಿದಿರಲಿಲ್ಲ.